ಲಿಂಗಸುಗೂರಿಗೆ ಎರಡು

"ಈಕಿ ಎಲ್ಲಿಗ್ರೀ? ಎಬ್ಬಸ್ರಿ," ಎಂದ ಕಂಡಕ್ಟರ್.

ಯಮನೂರಮ್ಮ ತನ್ನ ಹೆಗಲಿಗೆ ಒರಗಿದ್ದ ತಲೆಯನ್ನೊಮ್ಮೆ, ಕಂಡಕ್ಟರನನ್ನೊಮ್ಮೆ ನೋಡಿದಳು. ಹುಡುಗಿ ಯಾರೋ ಏನೋ. ಜವಳಗೇರಾದಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತವಳು, ಬ್ಯಾಗನ್ನು ಎದೆಗೆ ಅವಚಿಕೊಂಡು, ಊರಿನ ಕೊನೆಯ ಮನೆ ದಾಟುವ ಮೊದಲೇ ನಿದ್ದೆ ಹೋಗಿದ್ದಳು.

"ನಿದ್ದಿ ಹತ್ತೈತಿ, ಕಾಣಾದಿಲ್ಲೇನು? ಮಲಗಿದವರ ಜೀವ ಎಲ್ಲೆಲ್ಲೋ ತಿರುಗಾಡಾಕ ಹೋಗಿರ್ತೈತಿ. ಬಡದು ಎಬ್ಬಿಸಿದ್ರ ಬರೋ ದಾರಿ ತಪ್ಪತೈತಿ."

"ಜೀವ ಎಲ್ಲಿಗರ ಹೋಗ್ಲಿ ಯಮ್ಮಾ. ಈಕಿ ಎಲ್ಲಿ ಇಳೀತಾಳ, ಅಷ್ಟು ಹೇಳು. ಚೀಟಿ ಹರೀಬೇಕು."

"ಮಗಳ ಊರಿಗೆ ಹೊಂಟೀನಿ. ಲಿಂಗಸುಗೂರಿಗೆ ಎರಡು ಕೊಡು."

"ಮೊಮ್ಮಗಳೇನು? ಈಕಿ ಆಧಾರ್ ಎಲ್ಲೈತಿ?"

"ನಂದು ನೋಡಿದೆಲ್ಲ. ಅದರಾಗಿನ ಮಾರಿಗಿಂತ ಈಕಿ ಮಾರಿ ಚಲೋ ಐತಿ. ಕೊಡು."

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರನೂ ನಕ್ಕು, ಎರಡು ಚೀಟಿ ಹರಿದು ಕೊಟ್ಟು ಮುಂದೆ ಹೋದ. ರೊಕ್ಕ ಕೊಟ್ಟು ತೆಗೆಸುವ ಚೀಟಿಯಾಗಿದ್ದರೆ ಮುದುಕಿ ಹುಡುಗಿಯನ್ನು ಎಬ್ಬಿಸದೆ ಬಿಡುತ್ತಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಲೆಕ್ಕವೇ ಬೇರೆಯಾಗಿತ್ತು. ಪುಕ್ಕಟೆ ಚೀಟಿ ಗಿಡ್ಡದ್ದು ಯಾಕಿರಬೇಕು? ಉದ್ದದ್ದು ತೆಗೆಸಿದರೆ ನಡುವೆ ಎಲ್ಲಿ ಬೇಕಾದರೂ ಇಳಿಯಬಹುದು. ತನ್ನ ಊರು ಬಂದಾಗ ಹುಡುಗಿಗೆ ತಾನಾಗಿಯೇ ಎಚ್ಚರವಾಗುತ್ತದೆ. ಕುರಿಗೆ ತನ್ನ ಹಟ್ಟಿ ಗೊತ್ತಿರುತ್ತದಲ್ಲ, ಹಾಗೆ. ಅವಳು ಸೆರಗು ಸರಿಮಾಡಿಕೊಂಡು ಹೆಗಲನ್ನು ಇನ್ನಷ್ಟು ಆ ಕಡೆಗೆ ಕೊಟ್ಟಳು.

ಹುಡುಗಿಯ ಹೆಸರು ಯಶೋಧರಾ. ಅವಳು ಇಳಿಯಬೇಕಾದದ್ದು ಸಿಂಧನೂರಿನಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿಯ ಕಾಲೇಜಿನಲ್ಲಿ ಅವಳ ರಸಾಯನಶಾಸ್ತ್ರದ ಪರೀಕ್ಷೆ. ಹೋದ ಸಲ ಫೇಲಾಗಿ ಉಳಿದ ಪೇಪರು. ಇದೊಂದು ಪಾಸಾಗದಿದ್ದರೆ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಹೋಗುವಂತಿಲ್ಲ, ಮನೆಯಲ್ಲೇ ಕೂರಬೇಕು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಗಾದೆ ಕಟ್ಟಿದವನು ಈ ಹುಡುಗಿಯನ್ನು ನೋಡಿರಲಿಲ್ಲ. ಇವಳಿಗೆ ಚಿಂತೆಯೇನೂ ಕಡಿಮೆಯಿರಲಿಲ್ಲ. ವಾರಗಟ್ಟಲೆ ಹಾಸಿಗೆಯಲ್ಲಿ ಬಾರದಿದ್ದ ನಿದ್ದೆ ಬಸ್ಸಿನ ಹರಕು ಸೀಟಿನಲ್ಲಿ ಬಂದಿತ್ತು. ದಿನಾ ಪುಸ್ತಕ ತೆರೆದರೆ ಅದೇ ಪುಟ, ಅದೇ ಸಾಲು. ಹತ್ತು ಸಲ ಓದಿದರೂ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತು ಹೋಗುತ್ತಿತ್ತು. ಅಪ್ಪ ಗಂಗಾಧರ ಅವರ ಓಣಿಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲನೆಯವನು, ಸಿಂಧನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತಂದಾಗ ಜವಳಗೇರಾ ಬಸ್‌ಸ್ಟ್ಯಾಂಡಿನಲ್ಲಿ ಅವಳ ಫೋಟೋದ ಫ್ಲೆಕ್ಸ್ ಕಟ್ಟಿಸಿದ್ದ. ಕೆಳಗೆ 'ನಮ್ಮ ಭಾವಿ ವಿಜ್ಞಾನಿ' ಎಂದು ಬರೆಸಿದ್ದ. ಬಿಸಿಲಿಗೆ ಬಣ್ಣ ಹಾರಿ ಮುಖ ನೀಲಿಯಾಗಿತ್ತು. ಬಸ್ಸಿಗೆ ಕಾಯುವಾಗ ಯಶೋಧರಾ ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಬಂದವರು "ಇದು ನೀನೇ ಅಲ್ಲೇನಬೇ?" ಅನ್ನುವುದು ಮಾತ್ರ ತಪ್ಪುತ್ತಿರಲಿಲ್ಲ.

ಬಸ್ಸು ಸಿಂಧನೂರು ನಿಲ್ದಾಣಕ್ಕೆ ಬಂತು. ಶೇಂಗಾ ಮಾರುವವರು ಹತ್ತಿದರು, ಇಳಿದರು. ಯಮನೂರಮ್ಮ ಹುಡುಗಿಯ ಮುಖವನ್ನೇ ನೋಡಿದಳು. ರೆಪ್ಪೆ ಅಲುಗಲಿಲ್ಲ. ಇವಳ ಊರು ಇದಲ್ಲ ಅಂದುಕೊಂಡಳು.

ಆಗ ಯಶೋಧರಾ ಪರೀಕ್ಷೆಯ ಹಾಲಿನಲ್ಲೇ ಇದ್ದಳು. ಕಾಲುವೆಯ ನೀರು ಬಾಗಿಲಿನಿಂದ ಮೆಲ್ಲಗೆ ಒಳಗೆ ಬರುತ್ತಿತ್ತು. ತಣ್ಣಗೆ ಪಾದ ಮುಟ್ಟಿತು, ಮೊಣಕಾಲಿಗೆ ಬಂತು. ಯಾರಿಗೂ ಗಾಬರಿಯಿಲ್ಲ. ಮೇಲ್ವಿಚಾರಕರು ಪ್ಯಾಂಟು ಮಡಚಿಕೊಂಡು, ಭತ್ತದ ಸಸಿಯ ಕಟ್ಟು ಎಸೆದಂತೆ ಪ್ರಶ್ನೆಪತ್ರಿಕೆಗಳನ್ನು ನೀರಿನ ಮೇಲೆ ಎಸೆಯುತ್ತ ನಡೆದರು. ಯಶೋಧರಾ ಬಗ್ಗಿ ಒಂದನ್ನು ಎತ್ತಿಕೊಂಡಳು. ಹಾಳೆ ಖಾಲಿಯಾಗಿತ್ತು, ಅದರೊಳಗಿಂದ ನೀರು ಸೋರುತ್ತಿತ್ತು. "ಸರ್, ಇದರಾಗ ಏನೂ ಇಲ್ಲ," ಅಂದಳು. "ಏನೂ ಇಲ್ಲಂದ್ರ ನಡೀತೈತಿ," ಅಂದರು ಅವರು. ಬೆಂಚುಗಳು ಒಂದೊಂದಾಗಿ ತೇಲಿ ಬಾಗಿಲು ದಾಟಿ ಗದ್ದೆಗಳ ಕಡೆ ಹೊರಟವು. ಅವಳ ಬೆಂಚೂ ಹೊರಟಿತು. ಅದರ ಮೇಲೆ ಅಂಗಾತ ಮಲಗಿದ ಅವಳಿಗೆ ಎಷ್ಟೋ ದಿನಗಳ ಮೇಲೆ ತುಂಬಾ ಸುಖವಾಗಿತ್ತು.

ಬಸ್ಸು ಗಕ್ಕನೆ ನಿಂತಿತು. ಯಶೋಧರಾ ಕಣ್ಣು ತೆರೆದರೆ ಕಿಟಕಿಯಾಚೆ ಬಂಡೆಗಳ ಗುಡ್ಡ. ಚಿಕ್ಕವಳಿದ್ದಾಗ ಅಪ್ಪ ಬೈಕಿನ ಮೇಲೆ ಕೂರಿಸಿಕೊಂಡು ಬಂದು, ಅಶೋಕನ ಶಾಸನ ತೋರಿಸಿ ಕೈಮುಗಿಸಿದ್ದ ಗುಡ್ಡ. ಬಿಸಿಲು ಅದರ ಮೇಲೆ ಹಳದಿಯಾಗಿ ಮಲಗಿತ್ತು. ಅವಳು ಇನ್ನೂ ಕನಸಿನಲ್ಲೇ ಇದ್ದೇನೆ ಅಂದುಕೊಂಡು ಒಂದು ಗಳಿಗೆ ಸುಮ್ಮನೆ ನೋಡಿದಳು.

"ಇದು... ಮಸ್ಕಿ?"

"ಹೌದವ್ವ, ಮಸ್ಕಿ. ಎದ್ದ್ಯಾ? ಚಲೋ ನಿದ್ದಿ ಮಾಡಿದಿ."

"ಸಿಂಧನೂರು?"

"ಅದು ಆಗಲೇ ಹೋತಲ್ಲ. ನಿನ್ನ ಚೀಟೀನೂ ನಾನ ತಗಿಸೀನಿ, ಲಿಂಗಸುಗೂರು ತನಕ."

ಯಶೋಧರಾ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಡ್ರೈವರನ ತಲೆಯ ಮೇಲಿನ ಗಡಿಯಾರದಲ್ಲಿ ಎರಡೂವರೆ ದಾಟಿತ್ತು. ಪರೀಕ್ಷೆಯ ಹಾಲಿನ ಬಾಗಿಲು ಇನ್ನು ಅವಳಿಗೆ ತೆರೆಯುವುದಿಲ್ಲ. "ಯಾಕ ಎಬ್ಬಿಸಲಿಲ್ಲ?" ಎಂದು ಕಿರುಚಿದಳು. "ನಂದು ಪರೀಕ್ಷಾ ಇತ್ತು! ನನ್ನ ವರ್ಷ ಹೋತು! ನಿನಗ ಯಾರು ಹೇಳಿದ್ರು ನನ್ನ ಚೀಟಿ ತಗಿ ಅಂತ?"

ಬಸ್ಸೆಲ್ಲ ತಿರುಗಿ ನೋಡಿತು. ಯಮನೂರಮ್ಮನ ಕೈಯಲ್ಲಿ ಎರಡೂ ಚೀಟಿ ಇದ್ದವು. ಅವಳು ಅವನ್ನು ಮಡಚಿದಳು, ಬಿಚ್ಚಿದಳು. ಹುಡುಗಿ ಇಳಿದು ಹೋದಾಗ ಬುತ್ತಿಯ ಗಂಟು ಎತ್ತಿಕೊಂಡು ಅವಳ ಹಿಂದೆಯೇ ಇಳಿದಳು. "ಮಗಳ ಊರಿಗೆ ಹೋಗಾದಿಲ್ಲೇನು?" ಎಂದು ಕಂಡಕ್ಟರ್ ಕೂಗಿದ. "ಇನ್ನೊಂದು ಬಸ್ಸಿಲ್ಲೇನಪ್ಪ? ಅದೂ ಪುಕ್ಕಟೇನ ಅಲ್ಲ," ಅಂದಳು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಯಶೋಧರಾ ಬಿಕ್ಕಿ ಬಿಕ್ಕಿ ಅತ್ತಳು. ಯಮನೂರಮ್ಮ ಅಷ್ಟು ದೂರದಲ್ಲಿ, ತಪ್ಪು ಮಾಡಿದವಳಂತೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ತಪ್ಪಾತು ತಾಯಿ. ನಿನ್ನ ಕಣ್ಣಿನ ಕೆಳಗ ಕಪ್ಪು ನೋಡಿ ಎಬ್ಬಸಾಕ ಮನಸು ಬರಲಿಲ್ಲ," ಅಂದಳು.

ಬ್ಯಾಗಿನಲ್ಲಿ ಫೋನು ನಡುಗಿತು. ಪರೀಕ್ಷೆಯಿದೆಯೆಂದು ಅದರ ಬಾಯಿ ಕಟ್ಟಿಟ್ಟಿದ್ದಳು. ಪರದೆಯ ತುಂಬ 'ಅಪ್ಪಾಜಿ' ಇದ್ದ.

"ಎಲ್ಲಿದ್ದಿಯವ್ವಾ? ಅರ್ಧ ದಿನ ರಜಾ ಹಾಕಿ ಕಾಲೇಜಿನ ಗೇಟಿನ ಹತ್ರ ನಿಂತೀನಿ. ಎಲ್ಲಾರೂ ಒಳಗ ಹೋದ್ರು, ನೀ ಬರಲಿಲ್ಲ."

"ಮಸ್ಕಿಯಾಗ ಅದೀನಿ. ಬಸ್ಸಿನಾಗ ನಿದ್ದಿ ಹತ್ತಿಬಿಡ್ತು." ಅಷ್ಟು ಹೇಳಿದ ಮೇಲೆ ಉಳಿದದ್ದನ್ನೂ ತಡೆಯಲು ಆಗಲಿಲ್ಲ. "ಅಪ್ಪಾಜಿ, ಹೋದ ಸಲ ಪೇಪರ್ ಕಠಿಣ ಇತ್ತು ಅಂದಿದ್ದೆಲ್ಲ, ಅದು ಸುಳ್ಳು. ನಾ ಏನೂ ಬರೀಲೇ ಇಲ್ಲ. ರಿಜಿಸ್ಟರ್ ನಂಬರ್ ಅಷ್ಟ ಬರದು ಸುಮ್ನ ಕುಂತಿದ್ದೆ. ಅಕ್ಷರ ಕಾಣಲಿಲ್ಲ ನನಗ. ಇವತ್ತೂ ಹಂಗ ಆಗ್ತಿತ್ತು."

ಆ ಕಡೆ ಒಂದು ಲಾರಿ ಹೋದ ಸದ್ದು ಕೇಳಿಸಿತು. ಬೈಗುಳಕ್ಕೆ ಕಾಯುತ್ತ ಅವಳು ಕಣ್ಣು ಮುಚ್ಚಿಕೊಂಡಳು.

"ದಿನಾ ರಾತ್ರಿ ನಿನ್ನ ಖೋಲಿ ಲೈಟ್ ನೋಡ್ತಿದ್ದೆ," ಅಂದ ಗಂಗಾಧರ. "ಮಗಳು ಓದಾಕತ್ತಾಳ ಅಂತ ಖುಷಿ ಪಟ್ಟು ನಾ ಆರಾಮ ಮಲಗ್ತಿದ್ದೆ. ಲೈಟ್ ಆರಿಸು ಅಂತ ಒಂದಿನಾನೂ ಅನ್ನಲಿಲ್ಲ ನೋಡು." ಮತ್ತೆ ಅವನೇ ಕೇಳಿದ, "ಬಸ್ಸಿನಾಗ ಚಲೋ ನಿದ್ದಿ ಬಂತೇನು?"

"ಬಂತು ಅಪ್ಪಾಜಿ."

"ಜೊತಿಗೆ ಯಾರರ ಅದಾರೇನು?"

"ಒಬ್ಬಾಕಿ ಆಯಿ ಅದಾಳ."

"ಕೊಡು ಆಕಿ ಕೈಯಾಗ."

ಯಮನೂರಮ್ಮ ಮೊದಲು ಕೈ ಹಿಂದೆಳೆದುಕೊಂಡಳು. ಆಮೇಲೆ ಸೆರಗನ್ನು ತಲೆಯ ಮೇಲೆ ಹೊದ್ದು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. "ಹ್ಞೂಂನ್ರೀ, ನಾನ ಎಬ್ಬಿಸಲಿಲ್ಲ," ಅಂದಳು ಅಂಜುತ್ತ. ಅವನು ಏನೋ ಕೇಳಿದ. "ಜವಳಗೇರಾದಿಂದ ಇಲ್ಲಿತನಕ ಮಲಗ್ಯಾಳ್ರಿ. ನಡುವೆ ಒಮ್ಮಿ ನಕ್ಕಳು. ಸಣ್ಣ ಕೂಸು ನಿದ್ದ್ಯಾಗ ನಗತಾವಲ್ರಿ, ಹಂಗ."

ಫೋನಿನಲ್ಲಿ ಅವನು ಬಿಕ್ಕುವುದು ಅವಳಿಗೆ ಕೇಳಿಸಿತು. ಯಶೋಧರಾ ಕೈ ಚಾಚಿದಾಗ ತಡಿ ಎಂಬಂತೆ ಅವಳ ಕೈಯನ್ನು ಹಿಡಿದುಕೊಂಡು, ಗುಡ್ಡದ ಕಡೆ ನೋಡುತ್ತ, ಆ ಕಡೆಯಿದ್ದವನಿಗೆ ಯಮನೂರಮ್ಮ ಮೆಲ್ಲಗೆ "ಹೂಂ... ಹೂಂ..." ಅನ್ನುತ್ತ ಕೂತಳು.