ಎಂಬತ್ತೊಂದನೇ ನಿಮಿಷ

ಪೆನ್ಸಿಲ್ಲಿನ ಮೊನೆ ಮುರಿದದ್ದು ನಲವತ್ತೊಂದನೇ ನಿಮಿಷದಲ್ಲಿ. ಹಳದಿ ತಂಡದ ಏಳನೇ ನಂಬರಿನವನಿಗೆ ಎಚ್ಚರಿಕೆ ಕೊಟ್ಟು ಬರೆದುಕೊಳ್ಳುತ್ತಿದ್ದಾಗ ಅದು ಟಕ್ಕೆಂದು ಹಾರಿ ಹುಲ್ಲಿನಲ್ಲಿ ಕಾಣೆಯಾಯಿತು. ರೆಫರಿ ಉಗುರಿನಿಂದಲೇ ಏಳು ಎಂದು ಗೀರಿ ಚೀಟಿಯನ್ನು ಜೇಬಿಗೆ ತುರುಕಿದ. ಅರ್ಧ ಆಟದ ಸೀಟಿ ಊದಿ, ಬೆವರು ಒರೆಸಿಕೊಳ್ಳುತ್ತ ಕೋಣೆಗೆ ಬಂದವನು ಮೊದಲು ಮಾಡಿದ್ದು ಬ್ಲೇಡಿಗಾಗಿ ತಡಕಾಡಿದ್ದು. ಇಬ್ಬರು ಲೈನ್ಸ್‌ಮನ್‌ಗಳೂ ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಮೇಜಿನ ಮೇಲೆ ರೆಫರಿಗಳ ಸಂಘದ ಕಾರ್ಯದರ್ಶಿಯ ರೆಕ್ಸಿನ್ ಚೀಲ ಬಾಯಿ ತೆರೆದುಕೊಂಡು ಕೂತಿತ್ತು.

ಚೀಲದಲ್ಲಿ ಬ್ಲೇಡಿರಲಿಲ್ಲ. ಪಂದ್ಯದ ವರದಿಯ ನಮೂನೆ ಇತ್ತು. ಇವತ್ತಿನ ತಾರೀಖು, ಇವತ್ತಿನ ಎರಡು ತಂಡಗಳು, ಎಲ್ಲ ಖಾನೆಗಳೂ ನೀಟಾಗಿ ಭರ್ತಿಯಾಗಿದ್ದವು. ಹಸಿರು ಒಂದು, ಹಳದಿ ಎರಡು. ಅವನು ಎರಡು ಸಲ ಓದಿದ. ಮೈದಾನದಲ್ಲಿ ಹಸಿರು ತಂಡ ಒಂದು ಗೋಲು ಹೊಡೆದಿತ್ತು, ಸರಿ. ಹಳದಿ ಇನ್ನೂ ಖಾತೆಯನ್ನೇ ತೆರೆದಿರಲಿಲ್ಲ. ಕೆಳಗೆ ಸಾಲುಗಳಿದ್ದವು: ಐವತ್ತೆರಡನೇ ನಿಮಿಷ, ಹಳದಿ ಗೋಲು. ಐವತ್ತೆಂಟು, ಹಸಿರು ತಂಡದ ನಾಲ್ಕನೇ ನಂಬರು, ಕೆಂಪು ಕಾರ್ಡು. ಎಂಬತ್ತೊಂದು, ಪೆನಾಲ್ಟಿ, ಹಳದಿ ಒಂಬತ್ತು, ಗೋಲು. ಅದರ ಕೆಳಗೆ ಸಹಿ.

ಸಹಿ ಅವನದೇ. ಯಾರೋ ನೋಡಿ ನಕಲು ಮಾಡಿದ್ದಲ್ಲ. ಕೊನೆಯ ಅಕ್ಷರದಿಂದ ಹಿಂದಕ್ಕೆ ಎಳೆದ ಆ ಬಾಲ, ಬಾಲದ ಕೆಳಗಿನ ಎರಡು ಚುಕ್ಕೆ, ಎಲ್ಲ ಅವನ ಕೈಯದೇ.

ಒಂಬತ್ತು ದಿನದ ಹಿಂದೆ ಹಾಕಿದ್ದು. ಆ ದಿನ ಈ ರಾಜ್ಯದ ರೆಫರಿಗಳ ಸಂಘದ ಕಚೇರಿಗೆ ತನ್ನ ವರ್ಗಾವಣೆ ಪತ್ರ ಹಿಡಿದು ಹೋಗಿದ್ದ. ಹೆಂಡತಿ ನರ್ಸು. ಅವಳನ್ನು ಇಲ್ಲಿನ ದೊಡ್ಡ ಆಸ್ಪತ್ರೆಗೆ ವರ್ಗ ಮಾಡಿದ್ದರು, ಇವನು ಡ್ರಿಲ್ ಮಾಸ್ತರಿಕೆ ಬಿಟ್ಟು ಹಿಂದೆ ಬಂದಿದ್ದ. ಹದಿನಾಲ್ಕು ವರ್ಷ ಹಳೆಯ ರಾಜ್ಯದಲ್ಲಿ ಊದಿದ ಸೀಟಿಗೆ ಇಲ್ಲಿ ಬೆಲೆ ಬರಬೇಕಾದರೆ ಒಂದು ಪರೀಕ್ಷಾ ಪಂದ್ಯ ನಡೆಸಿ ತೋರಿಸಬೇಕು, ಇವತ್ತಿನದು ಅದೇ. ಅದರಲ್ಲಿ ಪಾಸಾದರೆ ರಾಷ್ಟ್ರೀಯ ದರ್ಜೆಗೆ ಹೆಸರು ಹೋಗುತ್ತದೆ. ಅವನಿಗೆ ಮೂವತ್ತೊಂಬತ್ತು. ಆ ದರ್ಜೆಗೆ ಅರ್ಜಿ ಹಾಕುವ ವಯಸ್ಸು ಈ ವರ್ಷಕ್ಕೆ ಮುಗಿಯುತ್ತಿತ್ತು.

ಕಾರ್ಯದರ್ಶಿಯನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಅವರು ಎದ್ದು ಬಂದು ಕೈ ಹಿಡಿದು ಕೂರಿಸಿದ್ದರು.

“ಹೆಂಡತಿ ಹಿಂದೆ ಬಂದೋರು ಅಂದ್ರೆ ನಮ್ಮೂರಿಗೆ ಅಳಿಯಂದ್ರು ತಾನೇ? ಅಳಿಯಂದ್ರನ್ನ ನಾವು ನಿಲ್ಲಿಸಿ ಮಾತಾಡ್ಸಲ್ಲ.” ಒಂದೊಂದೇ ಕಾಗದ ಮುಂದಿಟ್ಟರು. ವರ್ಗಾವಣೆಯದು, ದೇಹದಾರ್ಢ್ಯದ್ದು, ವಿಳಾಸದ್ದು. ನಾಲ್ಕನೆಯದು ಖಾಲಿ ವರದಿ ನಮೂನೆ. “ಇದಕ್ಕೂ ಒಂದು ಹಾಕ್ಬಿಡಿ. ನಿಮ್ಮ ಕಡೆ ಮೊದಲೇ ಹಾಕೋ ಪದ್ಧತಿ ಅಲ್ವಾ?”

ಪದ್ಧತಿ ನಿಜವೇ. ಅಲ್ಲಿನ ಮೈದಾನದಿಂದ ಊರಿಗೆ ಕೊನೆಯ ಬಸ್ಸು ಆಟ ಮುಗಿದ ಹತ್ತು ನಿಮಿಷಕ್ಕೆ ಹೊರಡುತ್ತಿತ್ತು. ರೆಫರಿ, ಲೈನ್ಸ್‌ಮನ್‌ಗಳು ಮೂವರೂ ಆಟಕ್ಕೆ ಮುಂಚೆಯೇ ಖಾಲಿ ನಮೂನೆಗೆ ಸಹಿ ಹಾಕಿ, ಬಸ್ಸಿನಲ್ಲಿ ಮೊಣಕಾಲ ಮೇಲಿಟ್ಟುಕೊಂಡು ತುಂಬುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಸಹಿಗಳ ಮೇಲೆ ಒಂದು ಸುಳ್ಳು ಸಾಲೂ ಬಿದ್ದಿರಲಿಲ್ಲ. ಹಾಗಾಗಿ ಕೈ ತಾನಾಗಿ ಓಡಿತ್ತು. ಅಲ್ಲಿನ ಬಸ್ಸಿನ ಗುಟ್ಟು ಇಲ್ಲಿನವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಹುಟ್ಟಿದ್ದು ಈಗ, ಒಂಬತ್ತು ದಿನದ ಮೇಲೆ.

“ಇದನ್ನ ಹುಡುಕ್ತಿದ್ರಾ?”

ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಕೈಯಲ್ಲಿ ಹೊಸ ಪೆನ್ಸಿಲ್, ಎರಡೂ ತುದಿ ಚೂಪಾಗಿ ಹೆರೆದದ್ದು.

“ಮೊನೆ ಮುರೀತು,” ಎಂದ ರೆಫರಿ. ಕಾಗದ ಇನ್ನೂ ಅವನ ಕೈಯಲ್ಲೇ ಇತ್ತು.

“ನೋಡ್ದೆ ಬಿಡಿ. ಮೆಟ್ಟಿಲ ಮೇಲಿಂದ ಎಲ್ಲಾ ಕಾಣುತ್ತೆ.” ದೊಡ್ಡಪ್ಪ ಬಂದು, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ ಮೆತ್ತಗೆ ಕಾಗದ ತೆಗೆದುಕೊಂಡು, ಚೀಲಕ್ಕೆ ಹಾಕಿ ಜಿಪ್ ಎಳೆದರು. “ಕಿತ್ತಳೆ ತಿನ್ನಿ. ಚೆನ್ನಾಗಿ ಓಡ್ತಿದೀರಿ. ಮನೆಯವರಿಗೆ ಹಗಲು ಡ್ಯೂಟಿ ಹೊಂದ್ಕೊಳ್ತಾ?”

“ಹೊಂದ್ಕೊಳ್ತು.”

“ಅಷ್ಟು ಸಾಕು ನಮಗೆ.” ಚೀಲ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಆ ಹಗಲು ಡ್ಯೂಟಿಯ ಸುದ್ದಿಯನ್ನು ಹೆಂಡತಿ ಬೆಳಿಗ್ಗೆ ಹೇಳಿದ್ದಳು. ಅವನು ಚಡ್ಡಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ತಲೆ ಬಾಚಿಕೊಳ್ಳುತ್ತ ನಗುತ್ತಿದ್ದಳು. “ಮದುವೆ ದಿನಾನೂ ನೀವು ಇಷ್ಟು ನೀಟಾಗಿ ಗೆರೆ ತೆಗ್ದಿರ್ಲಿಲ್ಲ ರೀ.” ಆಮೇಲೆ, ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ, “ನಿಮ್ಮ ದೊಡ್ಡಪ್ಪ ಅಂತೆ, ವಾರ್ಡಿಗೇ ಬಂದಿದ್ರು. ಮೇಟ್ರನ್ ಹತ್ರ ಮಾತಾಡಿ ನನ್ನ ರಾತ್ರಿ ಪಾಳಿ ತೆಗ್ಸಿದ್ರು. ನಿಮಗೆ ಅಂಥಾ ನೆಂಟರು ಇರೋದು ನನಗೇ ಗೊತ್ತಿರ್ಲಿಲ್ಲ.”

“ನನಗೂ,” ಎಂದಿದ್ದ ಅವನು. ಇಬ್ಬರೂ ನಕ್ಕಿದ್ದರು.

ಅವನು ಕಿತ್ತಳೆ ಮುಟ್ಟದೆ ಹೊರಗೆ ಬಂದ. ಮೈದಾನದಲ್ಲಿ ಗೆರೆ ಎಳೆಯುವ ಮುದುಕ ಮೊಣಕಾಲೂರಿ, ಎರಡನೇ ಅರ್ಧದಲ್ಲಿ ಹಸಿರು ತಂಡ ಕಾಯಬೇಕಾದ ಗೋಲಿನ ಮುಂದೆ ಪೆನಾಲ್ಟಿ ಚುಕ್ಕೆಗೆ ಸುಣ್ಣ ಹಾಕುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಸುಣ್ಣದಣ್ಣ. ಡಬ್ಬಿಯಿಂದ ಚಿಟಿಕೆ ಚಿಟಿಕೆಯಾಗಿ ತೆಗೆದು, ರಂಗೋಲಿಯವರ ಹಾಗೆ ಅಂಚು ತೀಡುತ್ತಿದ್ದ.

“ಬೆಳಿಗ್ಗೆ ಹಾಕಿದ್ರಲ್ಲ ಅಣ್ಣ?”

“ಅಳಿಸಿ ಹೋಗಿತ್ತು.”

ರೆಫರಿ ಮೈದಾನದ ಆಚೆ ತುದಿಗೆ ಕಣ್ಣು ಹಾಯಿಸಿದ. ಅಲ್ಲಿನ ಚುಕ್ಕೆ ತುಳಿದು ತುಳಿದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಆ ಕಡೇದು?”

“ಆ ಕಡೇದಕ್ಕೆ ಇವತ್ತು ಕೆಲಸ ಇಲ್ಲ.” ಮುದುಕ ತಲೆ ಎತ್ತಲಿಲ್ಲ.

“ನೀವೂ ರೆಫರಿ ಆಗಿದ್ರಂತೆ. ಯಾಕೆ ಬಿಟ್ರಿ?”

“ಬಿಟ್ಟೆ ಅಂತ ಯಾರು ಹೇಳಿದ್ದು?” ಸುಣ್ಣದಣ್ಣ ಅಂಗೈ ಊರಿ ಎದ್ದ. ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. “ಹನ್ನೊಂದು ವರ್ಷ ಊದ್ದೆ. ಒಂದಿನ ಊದ್ಲಿಲ್ಲ. ಈಗ್ಲೂ ಮೈದಾನದಲ್ಲೇ ಇದೀನಲ್ಲಪ್ಪ.” ಡಬ್ಬಿಯ ಮುಚ್ಚಳ ಹಾಕಿ, ಹೊಸ ಚುಕ್ಕೆಯನ್ನು ತುಳಿಯದಂತೆ ಸುತ್ತು ಹಾಕಿಕೊಂಡು ಹೋದ.

ಎರಡನೇ ಅರ್ಧ ಶುರುವಾಯಿತು. ರೆಫರಿ ಯಾವಾಗಲೂ ಎರಡು ಗಡಿಯಾರ ಕಟ್ಟುತ್ತಿದ್ದ. ಬಲಗೈಯದು ಶುರುವಾದರೆ ನಿಲ್ಲುವುದಿಲ್ಲ, ಎಡಗೈಯದು ಯಾರಾದರೂ ಬಿದ್ದಾಗ ನಿಂತು, ಎದ್ದಾಗ ಮತ್ತೆ ಓಡುತ್ತದೆ. ಆಟ ನಿಂತು ವ್ಯರ್ಥವಾದ ಹೊತ್ತು ಎಷ್ಟು ಎಂದು ಎರಡನ್ನೂ ಹೋಲಿಸಿ ನೋಡುವುದು. ಎಡಗಡಿಯಾರದ ಗುಂಡಿ ಒತ್ತಲು ಅವನ ಹೆಬ್ಬೆರಳಿಗೆ ಅವನ ಅಪ್ಪಣೆ ಬೇಕಿರಲಿಲ್ಲ.

ಹಳದಿಯ ಗೋಲು ಬಂತು. ಹಸಿರು ತಂಡದ ಗೋಲ್‌ಕೀಪರ್ ಚೆಂಡನ್ನು ಹಿಡಿದವನೇ ಕೈ ಸಡಿಲಿಸಿದ, ಅಷ್ಟೇ. ಬಲಗೈ ಗಡಿಯಾರ ಐವತ್ತಮೂರು ತೋರಿಸುತ್ತಿತ್ತು. ಒಂದು ನಿಮಿಷ ತಪ್ಪಿತಲ್ಲ ಎಂದು ಅವನಿಗೆ ಉಸಿರು ಬಂದಂತಾಯಿತು. ಆಮೇಲೆ ಎಡಗೈ ತಿರುಗಿಸಿದ. ಐವತ್ತೆರಡು.

ಐವತ್ತೆಂಟಕ್ಕೆ ಚೆಂಡು ಒಂದು ಮೂಲೆಯಲ್ಲಿತ್ತು, ಹಸಿರು ನಾಲ್ಕನೆಯವನು ಇನ್ನೊಂದು ಮೂಲೆಯಲ್ಲಿ. ಅವನು ಪಕ್ಕದಲ್ಲಿ ನಿಂತಿದ್ದ ಹಳದಿಯವನ ಮೊಣಕಾಲಿಗೆ ಸರಿಯಾಗಿ ಒದ್ದ. ಎಲುಬಿನ ಸದ್ದು ಕೇಳಿಸಿತು. ಇಂಥದಕ್ಕೆ ಕೆಂಪು ಕಾರ್ಡು ಬಿಟ್ಟರೆ ಬೇರೆ ಯಾವುದೂ ಇಲ್ಲ. ಯಾವ ದೇಶದ ರೆಫರಿಯೂ ಯೋಚಿಸುವುದಿಲ್ಲ. ಇವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ನಾಲ್ಕನೆಯವನು ಆಗಲೇ ಅಂಗಿಯನ್ನು ಚಡ್ಡಿಯಿಂದ ಹೊರಗೆಳೆದು ಹತ್ತಿರ ಬಂದಿದ್ದ.

“ಬೇಗ ತೋರ್ಸಿ ಸಾರ್. ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕು.”

ತೋರಿಸಿದ. ತೀರ್ಪು ಸರಿಯಿತ್ತು. ಆದರೂ ಕೈ ಕೆಳಗಿಳಿಸುವಾಗ ಅದು ಬೇರೆ ಯಾರದೋ ಕೈಯಂತೆ ಭಾರವಾಗಿತ್ತು. ಕಲ್ಲಿನ ಮೆಟ್ಟಿಲುಗಳ ಮೇಲೆ ಮೂವತ್ತು ನಲವತ್ತು ಜನ ಕೂತಿದ್ದರು. ಒಬ್ಬನೂ ಕೂಗಲಿಲ್ಲ, ಒಬ್ಬನೂ ಬೈಯಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವನ ಅಪ್ಪ ಅಜ್ಜಂದಿರನ್ನೆಲ್ಲ ಜನ ಬೈದಿದ್ದರು. ಈಗ ಒಂದು ಬೈಗುಳಕ್ಕೆ ಕಿವಿ ಹಾತೊರೆಯಿತು.

ಎಪ್ಪತ್ತು ದಾಟಿದ ಮೇಲೆ ಆಟ ನಿಜವಾದ ಆಟದಂತೆಯೇ ಕಂಡಿತು. ಓಡಿದರು, ಬಿದ್ದರು, ಒಬ್ಬರನ್ನೊಬ್ಬರು ಕರೆದರು. ಇರಲಿಕ್ಕಿಲ್ಲ, ತಾನೇ ಏನೋ ಕಲ್ಪಿಸಿಕೊಂಡೆ ಎಂದುಕೊಳ್ಳುವಷ್ಟು ಚೆನ್ನಾಗಿತ್ತು.

ಆಮೇಲೆ ಹಳದಿ ಒಂಬತ್ತನೆಯವನು ಚೆಂಡು ತಳ್ಳಿಕೊಂಡು ಪೆನಾಲ್ಟಿ ಆವರಣದೊಳಗೆ ಬಂದ. ಅವನ ಸುತ್ತ ಎರಡು ಮಾರು ದೂರದಲ್ಲಿ ಯಾರೂ ಇರಲಿಲ್ಲ. ತಂತಿಯಿಂದ ಜಾರಿದ ಒದ್ದೆ ಬಟ್ಟೆಯ ಹಾಗೆ ಅವನು ನೆಲಕ್ಕೆ ಬಿದ್ದ. ರೆಫರಿಯ ಹೆಬ್ಬೆರಳು ಎಡಗಡಿಯಾರದ ಗುಂಡಿ ಒತ್ತಿತು.

ಯಾರೂ ಪೆನಾಲ್ಟಿ ಕೇಳಲಿಲ್ಲ. ಎಲ್ಲರೂ ಓಡುವುದನ್ನು ನಿಲ್ಲಿಸಿ, ಶಾಲೆಯ ಮಕ್ಕಳು ಗಂಟೆ ಹೊಡೆದ ಮೇಲೆ ಸಾಲುಗೂಡುವಂತೆ ಆವರಣದ ಗೆರೆಯ ಹೊರಗೆ ಹೋಗಿ ನಿಂತರು. ಕೀಪರ್ ಕಂಬಗಳ ನಡುವೆ ಗೆರೆಯ ಮೇಲೆ ನಿಂತು ಕೈ ಅಗಲಿಸಿದ. ಚೆಂಡು ಇನ್ನಷ್ಟು ಉರುಳಿ ನಿಂತುಬಿಟ್ಟಿತು.

“ಆಡಿ!” ರೆಫರಿ ಎರಡೂ ಕೈ ಮುಂದಕ್ಕೆ ಬೀಸಿದ. “ಫೌಲಿಲ್ಲ, ಆಡಿ, ಆಡಿ!”

ಅವನ ಗಂಟಲೊಂದೇ ಇಡೀ ಮೈದಾನದಲ್ಲಿ ಕೇಳಿತು. ಅವನು ಒಂಬತ್ತನೆಯವನ ಬಳಿ ಹೋಗಿ ಬಾಗಿದ.

“ಏಳಪ್ಪ.”

“ಏಳ್ತೀನಿ ಸಾರ್.” ಹುಲ್ಲಿನ ಮೇಲೆ ಕೆನ್ನೆಯಿಟ್ಟೇ ಅವನು ಹೇಳಿದ. “ನೀವು ಊದಿದ ಮೇಲೆ.”

ರೆಫರಿ ಊದಲಿಲ್ಲ. ನಿಂತ. ಅವರೂ ನಿಂತರು. ಬಲಗೈಯ ಗಡಿಯಾರ ಎಂಬತ್ತಮೂರಾಯಿತು, ಎಂಬತ್ತಾರಾಯಿತು. ಮೆಟ್ಟಿಲ ಮೇಲೆ ಯಾರೋ ಒಬ್ಬರು ಕೆಮ್ಮಿದರು. ಲೈನ್ಸ್‌ಮನ್‌ಗಳು ಬಾವುಟ ಮಡಚಿ ಹಿಡಿದು ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ಬಲಗಡಿಯಾರದಲ್ಲಿ ತೊಂಬತ್ತು ತುಂಬುವ ತನಕ ಕಾದು, ಸೀಟಿ ಬಾಯಿಗಿಟ್ಟು, ಆಟ ಮುಗಿದಾಗ ಊದುವ ಮೂರು ಉದ್ದ ಸೀಟಿಗಳನ್ನು ಊದಿ, ಮೈದಾನದ ಮಧ್ಯದತ್ತ ಕೈ ತೋರಿದ. ಒಂದು, ಒಂದು. ಯಾರೂ ಕೈ ಕುಲುಕಲು ಬರಲಿಲ್ಲ. ಅವನು ಹಿಂತಿರುಗಿ ನೋಡದೆ ಕೋಣೆಗೆ ನಡೆದ.

ದೊಡ್ಡಪ್ಪ ಒಳಗೇ ಕೂತು ಕಾಯುತ್ತಿದ್ದರು. ಕೋಪದ ಒಂದು ಗೆರೆಯೂ ಮುಖದಲ್ಲಿರಲಿಲ್ಲ. ಎದ್ದು ಕುರ್ಚಿ ಎಳೆದುಕೊಟ್ಟರು. ರೆಫರಿ ಕೂರಲಿಲ್ಲ, ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಬಗ್ಗಿ ಒಂದು ಬೂಟಿನ ಲೇಸು ಬಿಚ್ಚಿದ.

“ಬೂಟು ಇರ್ಲಿ ಅಳಿಯಂದ್ರೆ. ಇನ್ನೂ ಮುಗ್ದಿಲ್ಲ.”

“ಮುಗೀತು. ಒಂದು, ಒಂದು. ಆ ವರದಿ ಹರಿದು ಹಾಕಿ, ಹೊಸದು ಬರ್ಕೊಡ್ತೀನಿ.”

“ಬರೀರಿ, ಯಾರು ಬೇಡ ಅಂದ್ರು? ನಿಮ್ಮ ಸಹಿ ಇರೋ ಎರಡು ವರದಿ ಮೇಲಿನೋರಿಗೆ ಹೋಗುತ್ತೆ. ಯಾವ್ದು ಸುಳ್ಳು ಅಂತ ನಿಮ್ಮನ್ನೇ ಕೇಳ್ತಾರೆ. ಆಟಕ್ಕೆ ಮುಂಚೆ ಸಹಿ ಹಾಕೋ ರೆಫರಿ ಅಂತ ಹೆಸರಾಗುತ್ತೆ. ಅಲ್ಲಿ ಹದಿನಾಲ್ಕು ವರ್ಷ ಹಾಕಿದ್ದನ್ನೂ ತೆಗ್ದು ನೋಡ್ತಾರೆ.” ದೊಡ್ಡಪ್ಪ ನಿಟ್ಟುಸಿರು ಬಿಟ್ಟರು, ಅವರಿಗೆ ನಿಜಕ್ಕೂ ಬೇಸರವಾದಂತಿತ್ತು. “ಯಾಕೆ ಇಷ್ಟೆಲ್ಲಾ? ಕೈ ತೋರ್ಸಿ ಸ್ವಲ್ಪ.”

ಅವನ ಎಡಗೈ ಮಣಿಕಟ್ಟನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳುಗಳು ಬೆಚ್ಚಗಿದ್ದವು. ಗಡಿಯಾರ ನಿಂತಿತ್ತು. ಆ ಹುಡುಗ ಬಿದ್ದಾಗ ಒತ್ತಿದ ಗುಂಡಿಯನ್ನು ಅವನು ಮತ್ತೆ ಒತ್ತಲು ಮರೆತಿದ್ದ. ಎಂಬತ್ತೊಂದು.

“ನೋಡಿ. ನಿಮ್ಮ ಗಡಿಯಾರನೇ ಹೇಳ್ತಿದೆ. ಮೈದಾನದಲ್ಲಿ ಹೊತ್ತು ಅಂದ್ರೆ ರೆಫರಿ ಕೈಲಿರೋ ಹೊತ್ತು, ಬೇರೆ ಯಾರದೂ ಅಲ್ಲ. ಪುಸ್ತಕದಲ್ಲೂ ಹಾಗೇ ಬರ್ದಿದೆ. ಒಂದೇ ಒಂದು ಸಲ ಊದಿ ಬನ್ನಿ. ಚುಕ್ಕೆ ಮೇಲೆ ಕೈ ತೋರ್ಸಿ ಬನ್ನಿ. ಈಗ್ಲೇ ಕೊಡ್ತೀನಿ.” ಒಳಜೇಬಿನಿಂದ ಒಂದು ಲಕೋಟೆ ತೆಗೆದು ಸೀಟಿಯ ಪಕ್ಕಕ್ಕೆ ಇಟ್ಟರು. ಅದರ ಮೇಲೆ ಅವನ ಹೆಸರಿತ್ತು, ಹೆಸರಿನ ಕೆಳಗೆ ರಾಷ್ಟ್ರೀಯ ದರ್ಜೆ ಎಂದಿತ್ತು. ಹದಿನಾಲ್ಕು ವರ್ಷದಿಂದ ಆ ಎರಡು ಸಾಲುಗಳನ್ನು ಅವನು ಒಟ್ಟಿಗೆ ಬರೆದು ನೋಡಿಕೊಳ್ಳುವ ಧೈರ್ಯ ಕೂಡ ಮಾಡಿರಲಿಲ್ಲ.

“ನಿಮ್ಮ ಮನೆಯವರ ಡ್ಯೂಟಿ ಆರಕ್ಕೆ ಮುಗಿಯುತ್ತಲ್ವಾ?” ದೊಡ್ಡಪ್ಪ ಗೋಡೆಯ ಕಡೆ ನೋಡುತ್ತ ಹೇಳಿದರು. “ಕರ್ಕೊಂಡು ಬರೋಕೆ ಗಾಡಿ ಕಳ್ಸಿದೀನಿ. ಪಾಪ, ಹೊಸ ಊರು, ದಾರಿ ಗೊತ್ತಾಗಲ್ಲ.”

ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಬಿಸಿಲು ಗೋಲಿನ ಕಂಬಗಳ ನೆರಳನ್ನು ಆವರಣದ ಉದ್ದಕ್ಕೂ ಎಳೆದಿತ್ತು. ಯಾರೂ ಮನೆಗೆ ಹೋಗಿರಲಿಲ್ಲ. ಆಟಗಾರರು ಗೆರೆಯ ಹೊರಗೆ ಹಾಗೇ ಸಾಲಾಗಿ ನಿಂತಿದ್ದರು, ಮೆಟ್ಟಿಲ ಮೇಲಿನವರು ಕೂತಲ್ಲೇ ಕೂತಿದ್ದರು. ಒಂಬತ್ತನೆಯವನು ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದ. ಚೆಂಡನ್ನು ಯಾರೋ ತಂದು ಬಿಳಿ ಚುಕ್ಕೆಯ ಮೇಲೆ ಇಟ್ಟಿದ್ದರು. ಗೆರೆಯ ಆಚೆ ಸುಣ್ಣದಣ್ಣ ಡಬ್ಬಿ ಹಿಡಿದು ಕಿಟಕಿಯ ಕಡೆಗೇ ನೋಡುತ್ತಿದ್ದ.

ದೊಡ್ಡಪ್ಪ ಸೀಟಿಯನ್ನು ಎತ್ತಿಕೊಂಡರು. ಕರವಸ್ತ್ರದಿಂದ ಅದರ ಬಾಯನ್ನು ನಿಧಾನವಾಗಿ ಒರೆಸಿ, ದಾರ ಬಿಡಿಸಿ, ಅವನ ಮುಂದೆ ಹಿಡಿದರು.

ಅವನು ಬಗ್ಗಿ ಎರಡನೇ ಬೂಟಿನ ಲೇಸು ಬಿಚ್ಚಿದ.

“ಊದಲ್ಲ,” ಎಂದ.