ತಲೆಕಡೆಯ ಮರ

ಸಾವಿತ್ರೆವ್ವ ಚಹಾದ ಬಟ್ಟಲು ಹಿಡಿದು ಎಬ್ಬಿಸಲು ಹೋದಾಗ ಗಂಡ ಮಾಳಸಿದ್ದನ ಕೈ ತಣ್ಣಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೇಡಕಿಹಾಳದ ಕುರುಬರೆಲ್ಲ ಅಂಗಳದಲ್ಲಿ ಸೇರಿದ್ದರು. ಹೊಲದ ದಿನ್ನೆಯಲ್ಲಿ ಕುಣಿ ತೋಡಲು ಹೋಗಿದ್ದ ಮೈದುನ ಬಸವಂತ ಬೆವರು ಒರೆಸಿಕೊಳ್ಳುತ್ತ ಬಂದ.

"ವೈನಿ, ಹಾರಿ ಹಾಕಿ ಒಡದು ಕುಣಿ ಮಾಡೇವಿ. ಆದ್ರ ಸಸಿ ಹಚ್ಚಾಕ ಆಗಂಗಿಲ್ಲ. ಗೇಣು ಮಣ್ಣಿನ ಕೆಳಗ ಬರೇ ಕರಿಕಲ್ಲ."

"ಬ್ಯಾರೆ ಕಡೆ ನೋಡ್ರಿ."

"ಕೆಳಗಿನ ಜಾಗಾ ಹಿರಿಯಾರಿಂದ ತುಂಬೈತಿ. ಉಳದದ್ದು ಇಷ್ಟ."

ಬಿಸಿಲಲ್ಲಿ ಕುರಿ ಕಾಯ್ದವನ ತಲೆಗೆ ಸತ್ತ ಮೇಲಾದರೂ ನೆರಳಿರಲೆಂದು ಆ ಮನೆತನದವರು ಕುಣಿಯ ತಲೆಕಡೆ ಬೇವು ನೆಡುತ್ತಿದ್ದರು. "ನನ್ನ ಮರ ಮರೀಬ್ಯಾಡ" ಎಂದಿದ್ದ ಮಾಳಸಿದ್ದ. ಆಕೆ ಮಾತು ಕೊಟ್ಟಿದ್ದಳು.

*

ಮದುವೆಯಾದ ಹೊಸತರಲ್ಲಿ ಅವನು ಬಾವಿ ತೋಡಿದ ರಾಶಿಯಿಂದ ಒಂದು ಕೊರಡು ಹೊತ್ತು ತಂದಿದ್ದ. "ಒಲಿಗೆ ಆಗತೈತಿ." ಸಾವಿತ್ರೆವ್ವ ಊದಿ ಊದಿ ಸೋತಳು. ಕೊರಡು ಕಾಯಿತೇ ಹೊರತು ಹೊತ್ತಲಿಲ್ಲ.

"ಕಟಗಿ ಯಾವುದು, ಕಲ್ಲ ಯಾವುದು, ಅಷ್ಟೂ ತಿಳಿಯಂಗಿಲ್ಲೇನ?" ಎಂದು ಊರಿಗೆಲ್ಲ ಹೇಳಿ ನಕ್ಕಳು. ಅದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು.

ಚಿಕ್ಕೋಡಿಯಲ್ಲಿ ಭೂವಿಜ್ಞಾನ ಓದುತ್ತಿದ್ದ ಮಗಳು ಕೋಮಲ ಒಂದು ದಿನ ಅದರ ಮುಂದೆ ಕುಕ್ಕರಿಸಿದಳು. "ಅಪ್ಪಾ, ಇದು ಖರೇನ ಮರ! ಮನಷ್ಯಾ ಹುಟ್ಟೂಕಿಂತ ಕೋಟಿಗಟ್ಟಲೆ ವರ್ಷ ಮೊದಲ ನೆಲ ಸೀಳಿ, ಕರಗಿದ ಕಲ್ಲು ಹರೀತು. ಅದು ಆರಿದ ಮ್ಯಾಲ ಸೆಕಿ, ಜೋರು ಮಳಿ. ಕೆರಿ ತುಂಬಿದವು, ಅಡವಿ ಬೆಳೀತು. ಬಸವನಹುಳ, ಕಪ್ಪಿ ಎಲ್ಲಾ ಇದ್ದವು. ಮತ್ತ ಕಲ್ಲು ಹರದು ಮುಚ್ಚಿತು. ಕೆಸರಿನಾಗ ಹೂತಿದ್ದ ಮರ ಕಲ್ಲಿನ ಸತ್ವದ ನೀರು ಕುಡದು ಕುಡದು ಕಲ್ಲಾತು."

ಮಾಳಸಿದ್ದ ಹೆಂಡತಿಯತ್ತ ತಿರುಗಿದ. "ಕೇಳಿದೇನ? ನಾ ತಂದದ್ದು ಕಟಗೀನ. ಸ್ವಲ್ಪ ಹಳೇದು."

*

ಹೆಣದ ಪಕ್ಕ ಕೂತಿದ್ದ ಸಾವಿತ್ರೆವ್ವ ಎದ್ದು ಹಿತ್ತಲಿಗೆ ನಡೆದಳು.

"ಬಾಳೇಶ, ಇದನ್ನ ದಿನ್ನಿಗೆ ಒಯ್ಯಿ."

ಮಗ ಬೆರಗಾದ. "ಅವ್ವಾ, ಅರಬಿ ಒಗಿಯೂ ಕಲ್ಲದು! ಮಂದಿ ನಗತಾರ."

"ನಗಲಿ. ನಾನೂ ನಕ್ಕಾಕೀನ. ಕರಿಕಲ್ಲಿನ ಹೊಟ್ಟ್ಯಾಗ ಇದ್ದ ಮರ, ಅದರ ಮ್ಯಾಲ ನಿಲ್ಲಂಗಿಲ್ಲೇನ?"

ಎಲ್ಲರೂ ಮಣ್ಣು ಕೊಟ್ಟ ಮೇಲೆ ಬಾಳೇಶ, ಬಸವಂತ ಸೇರಿ ಕೊರಡನ್ನು ತಲೆಕಡೆ ನಿಲ್ಲಿಸಿ, ಸುತ್ತ ಕಲ್ಲಿನ ಚೂರು ಬಿಗಿದರು. ಸಾವಿತ್ರೆವ್ವ ಹೊಸ ಸಸಿಗೆ ಎರೆಯುವಂತೆ ಅದರ ನೆತ್ತಿಗೆ ತಂಬಿಗೆಯ ನೀರು ಎರೆದಳು. ಒದ್ದೆಯಾದ ಕಲ್ಲಿನಲ್ಲಿ ಬಳೆ ಬಳೆಯಾಗಿ ಗೆರೆಗಳು ಎದ್ದು ಕಂಡವು. ಇಳಿಬಿಸಿಲಿಗೆ ಅದರ ಮೋಟು ನೆರಳು ಹಸಿಮಣ್ಣಿನ ಮೇಲೆ ಚಾಚಿತು.

ಆಕೆ ಕುಲದೇವರಿಗೆ ಕೈ ಮುಗಿದಳು.

"ಬೀರಪ್ಪಾ, ಬಿಸಿಲಾಗ ತಿರಗಿದ ಜೀವ. ತಣ್ಣಗ ಇಡಪಾ."