ಬಸವಕಿರಣ್‌ನ ಕಮಾಂಡುಗಳು

ಬಸವಕಿರಣ್‌ನ ಮಾತು ತೊದಲತೊಡಗಿದಾಗ ಮನೆಯವರು ದಣಿವೆಂದುಕೊಂಡರು. ನರಗಳನ್ನು ಒಂದೊಂದಾಗಿ ಸಾಯಿಸುವ ಕಾಯಿಲೆಯೆಂದು ಗೊತ್ತಾಗುವ ಹೊತ್ತಿಗೆ ಮಾತು ಪೂರ್ತಿ ಬಿದ್ದುಹೋಗಿತ್ತು. ಬೆರಳುಗಳು ಇನ್ನೂ ಆಡುತ್ತಿದ್ದವು. ಅತ್ತಿಗುಪ್ಪೆಯ ಮನೆಯಲ್ಲಿ ಮಂಚಕ್ಕೆ ಒರಗಿಕೊಂಡು, ಲ್ಯಾಪ್‌ಟಾಪಿನ ಎಡಿಟರ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಟೈಪ್ ಮಾಡಿ ಹೆಂಡತಿ ಹೇಮಶ್ರೀಗೆ ತೋರಿಸುತ್ತಿದ್ದ. ಆದರೆ ಅವನ ತಾಯಿ ನೀಲಮ್ಮನಿಗೆ ಕಣ್ಣಿಗೆ ಪೊರೆ ಬಂದು ಪರದೆಯ ಅಕ್ಷರ ಕಾಣುತ್ತಿರಲಿಲ್ಲ.

ಹೇಮಶ್ರೀ ಪ್ರೋಗ್ರಾಮಿಂಗ್ ಬಲ್ಲವಳು. ಬರೆದ ಸಾಲನ್ನು ಗಟ್ಟಿಯಾಗಿ ಓದುವ ಸಣ್ಣ ಸ್ಕ್ರಿಪ್ಟ್ ಬರೆದಳು. ಎಡಿಟರಿಗೆ ಹೊಸ ಕಮಾಂಡ್ ಸೇರಿಸಿ, ಆ ಸ್ಕ್ರಿಪ್ಟನ್ನು ಕೀಬೋರ್ಡಿನ ಒಂದು ಕೀಲಿಗೆ ಕಟ್ಟಿದಳು. ಒತ್ತಿದರೆ ಸ್ಪೀಕರ್ ಮಾತಾಡುತ್ತಿತ್ತು. ದಿನವೂ ಬೇಕಾಗುವ ಮಾತುಗಳಿಗೆ ಟೈಪ್ ಮಾಡುವ ಶ್ರಮವೂ ಬೇಡವೆಂದು ಬೇರೆ ಬೇರೆ ಕಮಾಂಡ್ ಮಾಡಿದಳು: ನೀರು ಬೇಕು, ಫ್ಯಾನ್ ಹಾಕು, ಮಗ್ಗುಲು ತಿರುಗಿಸು.

ಮೊದಲ ದಿನ ಯಂತ್ರದ ದನಿ “ಅವ್ವಾ, ಊಟ ಮಾಡಿದ್ಯಾ?” ಎಂದಾಗ ನೀಲಮ್ಮ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋಗಿಬಿಟ್ಟರು. ಮಾರನೆಯ ದಿನ ತಾವೇ ಬಂದು ಪಕ್ಕದಲ್ಲಿ ಕೂತರು. “ಇನ್ನೊಂದ್ಸಲ ಒತ್ತೋ” ಅನ್ನುವರು. ಅವನು ಒತ್ತುವನು. “ಮಾಡ್ದೆ ಕಣಪ್ಪಾ” ಎಂದು ಪ್ರತಿಸಲವೂ ಉತ್ತರ ಕೊಡುವರು.

ಮಳೆಗಾಲ ಮುಗಿಯುವಷ್ಟರಲ್ಲಿ ಎಡಗೈ ಹೋಯಿತು. ಎರಡು ಕೀಲಿ ಒಟ್ಟಿಗೆ ಒತ್ತಬೇಕಾದ ಕಮಾಂಡುಗಳನ್ನೆಲ್ಲ ಹೇಮಶ್ರೀ ಒಂದೇ ಕೀಲಿಗೆ ತಂದಳು. ಬಲಗೈಯೂ ಸೋಲುತ್ತ ಬಂತು. ಬೆರಳಿಗೆ ಎಟಕುವ ಕೀಲಿಗಳು ಕಡಿಮೆಯಾದಂತೆ ಮಾತುಗಳನ್ನೂ ಕಡಿಮೆ ಮಾಡಬೇಕಾಯಿತು. ಅವಳು ಒಂದೊಂದನ್ನೇ ಓದುವಳು. ಬೇಡವಾದದ್ದಕ್ಕೆ ಅವನು ಕಣ್ಣು ಮುಚ್ಚುವನು. ಫ್ಯಾನ್ ಹೋಯಿತು. “ಸಾರಿ ಕಣೇ” ಎಂಬುದೂ ಹೋಯಿತು.

ಕೊನೆಗೆ ಹೆಬ್ಬೆರಳೊಂದೇ ಅಲುಗುತ್ತಿತ್ತು. ಒಂದೇ ಮಾತು ಇಟ್ಟುಕೊಳ್ಳಬಹುದಿತ್ತು.

“ಅವ್ವನ್ನ ಕರೆಯೋದು ಇರ್ಲಾ?” ಎಂದಳು ಹೇಮಶ್ರೀ. ಅವನು ಕಣ್ಣು ಮುಚ್ಚಿದ.

“ನನ್ನ ಹೆಸರು?”

ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಕೆನ್ನೆಯ ಮೇಲೆ ನೀರು ಇಳಿಯಿತು.

“ಮಗ್ಗುಲು ತಿರುಗಿಸು?”

ಕಣ್ಣುಗಳು ತೆರೆದೇ ಇದ್ದವು.

ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಅವನನ್ನು ಅಷ್ಟು ಹಿಂಸಿಸುತ್ತಿದೆಯೆಂದು ಅವಳಿಗೆ ತಿಳಿದದ್ದೇ ಆಗ. “ಆಯ್ತು ಕಣೋ, ಅದೇ ಇರ್ಲಿ” ಅಂದಳು. ತನ್ನ ಹೆಸರಿದ್ದ ಸಾಲನ್ನು ಅಳಿಸಿ, ಫೈಲ್ ಸೇವ್ ಮಾಡಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಸ್ಪೀಕರ್ ಕರೆದಾಗಲೆಲ್ಲ ಅತ್ತೆ ಸೊಸೆ ಇಬ್ಬರೂ ಓಡಿಬರುತ್ತಿದ್ದರು. ಒಬ್ಬರು ಹೆಗಲು ಹಿಡಿದರೆ ಇನ್ನೊಬ್ಬರು ಸೊಂಟ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಗೆ ತಿರುಗಿಸಿ ದಿಂಬು ಸರಿಮಾಡುತ್ತಿರುವಾಗಲೇ ಅವನ ಉಸಿರು ನಿಂತಿತು.

ಕಾರ್ಯವೆಲ್ಲ ಮುಗಿದ ಮೇಲೆ, ಬಸವಕಿರಣ್ ಮಲಗುತ್ತಿದ್ದ ಗಾಳಿ ತುಂಬುವ ಹಾಸಿಗೆಯನ್ನು ಕೇಳಿಕೊಂಡು ಬ್ಯಾಡರಹಳ್ಳಿಯಿಂದ ಕಲ್ಮೇಶ್ ಎಂಬಾತ ಬಂದ. ಅವನ ತಂದೆಯೂ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಮಡಚಲು ಗಾಳಿ ಬಿಡಬೇಕಿತ್ತು. ನೀಲಮ್ಮ ನೆಲಕ್ಕೆ ಮಂಡಿಯೂರಿ ಎರಡೂ ಕೈಯಿಂದ ಒತ್ತತೊಡಗಿದರು.

“ಬಿಡಿ ಆಂಟಿ, ನಾನ್ ಮಾಡ್ಕೋತೀನಿ” ಅಂದ ಕಲ್ಮೇಶ್.

ಅವರು ಬಿಡಲಿಲ್ಲ. ಪೂರ್ತಿ ಚಪ್ಪಟೆಯಾದ ಮೇಲೆ ಅದರ ಮೇಲೇ ಮುಖವಿಟ್ಟು ಮಲಗಿಬಿಟ್ಟರು. ಹೇಮಶ್ರೀ ಅವರನ್ನು ಎಬ್ಬಿಸಲಿಲ್ಲ. ಕಲ್ಮೇಶನಿಗೆ ಕೂರಲು ಕುರ್ಚಿ ಕೊಟ್ಟಳು.